ನಾಳೆ ಮೇಸ್ತ್ರಿ

ಆ ಪೇಟೆಯಲ್ಲಿ ಎಲ್ಲರೂ ಅವನನ್ನು ನಾಳೆ ಮೇಸ್ತ್ರಿ ಅಂತಲೇ ಕರೆಯುತ್ತಿದ್ದರು. ಎದುರಿಗೇ ಕರೆದರೂ ಅವನು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಯಾರ ಮನೆಯಲ್ಲೇ ಕೆಲಸ ಹಿಡಿಯಲಿ, ಎಲ್ಲ ಅಚ್ಚುಕಟ್ಟಾಗಿ ಮುಗಿಸಿ ಕೊನೆಗೆ ಒಂದು ಚೂರು ಉಳಿಸಿಬಿಡುತ್ತಿದ್ದ. ಕಿಟಕಿಯ ಚಿಲಕವೋ, ಇನ್ನೊಂದು ಕೈ ಬಣ್ಣವೋ, ಪೈಪಿನ ತುದಿಯ ಮುಚ್ಚಳವೋ. "ನಾಳೆ ಬಂದು ಮುಗಿಸ್ತೀನಿ" ಅನ್ನುತ್ತ ಚೀಲ ಹೆಗಲಿಗೇರಿಸುತ್ತಿದ್ದ. ಮಾರನೆಯ ದಿನ ಹೇಳಿದ ಹೊತ್ತಿಗೆ ಬಂದೇ ಬರುತ್ತಿದ್ದ, ಐದು ನಿಮಿಷದ ಕೆಲಸಕ್ಕೆ ಒಂದು ಗಂಟೆ ಹಿಡಿಸುತ್ತಿದ್ದ, ಕೆಲವು ಕಡೆ ಆಗಲೂ ಇನ್ನೊಂದು ಚೂರು ಉಳಿಸುತ್ತಿದ್ದ. "ಪುಗಸಟ್ಟೆ ಕೆಲಸ, ಬೈಯೋಕೂ ಆಗಲ್ಲ" ಅಂತ ಜನ ನಗುತ್ತಿದ್ದರು.

ಹದಿನೈದು ವರ್ಷ ನೌಕಾಪಡೆಯಲ್ಲಿ ಹಡಗು ರಿಪೇರಿ ಮಾಡುವ ತಂಡದಲ್ಲಿದ್ದವನು. ಅಲ್ಲಿಂದ ಬಂದು ಮೂವತ್ತು ವರ್ಷ ಬೇರೆಯವರಿಗೆ ಮನೆ ಕಟ್ಟಿದ. ಮಕ್ಕಳಿರಲಿಲ್ಲ. ಆರು ವರ್ಷದ ಹಿಂದೆ ಹೆಂಡತಿ ತೀರಿಕೊಂಡ ಮೇಲೆ ಗುತ್ತಿಗೆ ಕೆಲಸ ಬಿಟ್ಟು ಪೇಟೆಯ ಸೇವಾ ಸಂಘಕ್ಕೆ ಸೇರಿದ. ನಡೆಯಲಾಗದವರ ಮನೆ ಮುಂದೆ ಗಾಲಿಕುರ್ಚಿಗೆ ಇಳಿಜಾರು ಕಟ್ಟಿಕೊಡುವುದು, ಬಚ್ಚಲಿಗೆ ಹಿಡಿಕೆ ಹಾಕುವುದು, ಸೋರುವ ಚಾವಣಿಗೆ ತೇಪೆ ಹಚ್ಚುವುದು, ಹೀಗೆ ವಾರದ ಏಳೂ ದಿನ ಕೈ ತುಂಬ ಕೆಲಸ.

ಉಳಿಸಿದ ಚೂರಿನ ಗುಟ್ಟು ಅವನೊಬ್ಬನಿಗೇ ಗೊತ್ತಿತ್ತು. ಹಡಗಿನಲ್ಲಿ ಮಲಗಿದರೆ ಮೇಲೊಬ್ಬ, ಕೆಳಗೊಬ್ಬ. ಯಾರಾದರೂ ಮಗ್ಗುಲಾದರೆ ಮೂವರಿಗೆ ಎಚ್ಚರ. ಮನೆಯಲ್ಲಿ ಹೆಂಡತಿ, ಬಾಯಿಗೆ ಬಿಡುವೇ ಇಲ್ಲದವಳು. ಈಗ ಬೀಗ ತೆಗೆದು ಒಳಗೆ ಹೋದರೆ ಫ್ರಿಜ್ಜಿನ ಗುಂಯ್ ಸದ್ದು ಬಿಟ್ಟು ಬೇರೆ ದನಿಯಿಲ್ಲ. ಕೆಲಸ ಮುಗಿದ ಮನೆಗೆ ಮತ್ತೆ ಹೋಗಬೇಕೆಂದರೆ ನೆಪ ಬೇಕಲ್ಲ? ಒಂದು ಸ್ಕ್ರೂ ಬಾಕಿಯಿದ್ದರೆ ಸಾಕು, ನಾಳೆ ಒಂದು ಬಾಗಿಲು ತೆರೆಯುತ್ತದೆ.

ಸಕ್ಕರೆ ಕಾಯಿಲೆಯಿಂದ ಒಂದು ಕಾಲು ಕಳೆದುಕೊಂಡ ಟೈಲರ್‌ನ ಮನೆಯ ಕೆಲಸ ಬಂದದ್ದು ಆಗಲೇ. ಟೈಲರ್‌ಗೆ ಮೂಗಿನ ತುದಿಯಲ್ಲೇ ಕೋಪ. ಮದುವೆಯಾಗಿರಲಿಲ್ಲ, ಅಕ್ಕನ ಜೊತೆ ಇದ್ದ. ಕಾಲು ಹೋದರೂ ಕೈ ಇದೆಯಲ್ಲ ಅಂತ ಗಾಲಿಕುರ್ಚಿಯಲ್ಲೇ ಕೂತು ಅಂಗಿ ಕತ್ತರಿಸುತ್ತಿದ್ದ. ಮೇಸ್ತ್ರಿ ನಾಲ್ಕು ದಿನ ಅಲ್ಲಿ ಇಳಿಜಾರು ಕಟ್ಟಿದ, ಗೋಡೆಗುಂಟ ಕಬ್ಬಿಣದ ಪೈಪಿನ ಹಿಡಿಕೆ ಕೂರಿಸಿದ. ಟೈಲರ್ ಕಿಟಕಿಯಿಂದಲೇ ತಕರಾರು ತೆಗೆಯುತ್ತಿದ್ದ.

"ಸೊಟ್ಟಗಿದೆಯಲ್ರೀ."

"ನಿಮ್ಮ ಕುರ್ಚಿ ಸೊಟ್ಟಗಿದೆ ಟೈಲರ್ರೇ, ಗೋಡೆ ನೆಟ್ಟಗೇ ಇದೆ."

ಒಳಗಿಂದ ಅಕ್ಕ ಗೊಳ್ಳನೆ ನಗುತ್ತಿದ್ದಳು. ಆ ನಾಲ್ಕು ದಿನ ಮೇಸ್ತ್ರಿಗೆ ಊಟ ರುಚಿಸಿತು.

ನಾಲ್ಕನೆಯ ಸಂಜೆ ನೋಡಿದರೆ ಉಳಿಸೋಕೆ ಏನೂ ಇರಲಿಲ್ಲ. ಸಂಘದವರು ಬಂದು ಬಣ್ಣ ಬಳಿದಿದ್ದರು, ಪೈಪಿನ ಮುಚ್ಚಳವನ್ನೂ ಹಾಕಿದ್ದರು. ಉಳಿದದ್ದು ಹಿಡಿಕೆಯ ಕೆಳತುದಿಯ ಕ್ಲಾಂಪು, ಅದರ ಎರಡು ಬೋಲ್ಟು. ಬೋಲ್ಟು ಬಿಗಿಯುವ ಪಾನಾ ಕೈಯಲ್ಲೇ ಇತ್ತು. ಬೋಲ್ಟುಗಳನ್ನು ಬೆರಳಲ್ಲಿ ಎರಡು ಸುತ್ತು ತಿರುಗಿಸಿ ಅಲ್ಲಿಗೇ ಬಿಟ್ಟ. ಹಡಗಿನಲ್ಲಿ ಇಂಥದ್ದನ್ನು ಮಾಡಿದ್ದರೆ ಮೇಲಧಿಕಾರಿ ಚರ್ಮ ಸುಲಿಯುತ್ತಿದ್ದ. ಅದು ನೆನಪಾದರೂ ಅವನು ಪಾನಾ ಚೀಲಕ್ಕೆ ಹಾಕಿದ.

"ಅಕ್ಕಾ, ಆ ತುದಿ ಮಾತ್ರ ಹಿಡೀಬೇಡಿ ಅಂತ ಅವರಿಗೆ ಹೇಳಿ. ನಾಳೆ ಹತ್ತು ಗಂಟೆಗೆ ಬಂದು ಬಿಗೀತೀನಿ."

"ಆಗಲಿ" ಅಂದಳು ಅಕ್ಕ. ಒಲೆಯ ಮೇಲೆ ಹಾಲಿತ್ತು, ಅವಳ ಗಮನವೆಲ್ಲ ಅದರ ಮೇಲೆ.

ಮಾರನೆಯ ದಿನ ಹತ್ತಕ್ಕೆ ಹೋದರೆ ಮನೆ ಮುಂದೆ ಜನ ಸೇರಿದ್ದರು. ಹಿಡಿಕೆಯ ಕೆಳತುದಿ ಗೋಡೆಯಿಂದ ಕಿತ್ತು ಜೋತಾಡುತ್ತಿತ್ತು. ಹಿಡಿಕೆ ಹಿಡಿದು ಒಂಟಿ ಕಾಲಲ್ಲಿ ನಿಂತು ಅಭ್ಯಾಸ ಮಾಡಿಕೊಳ್ಳೋಣ ಅಂತ ಟೈಲರ್ ಬೆಳಿಗ್ಗೆ ತಾನೊಬ್ಬನೇ ಹೊರಗೆ ಬಂದಿದ್ದನಂತೆ. ಬಿದ್ದದ್ದು ಬಲಗೈ ಮೇಲೆ, ಕತ್ತರಿ ಹಿಡಿಯುವ ಕೈ. ಮಣಿಕಟ್ಟು ಮುರಿದಿತ್ತು.

ಆಸ್ಪತ್ರೆಯ ಬೆಂಚಿನ ಮೇಲೆ ಅಕ್ಕ ಸೆರಗು ಬಾಯಿಗೊತ್ತಿಕೊಂಡು ಕೂತಿದ್ದಳು. "ನಂದೇ ತಪ್ಪು ಮೇಸ್ತ್ರಿಗಳೇ. ನೀವು ಬಾಯಿಬಿಟ್ಟು ಹೇಳಿದ್ರಿ, ನಾನೇ ಮರೆತೆ. ನನ್ನ ತಲೆಗಿಷ್ಟು!"

ಅಕ್ಕಪಕ್ಕದವರೂ ಹಾಗೇ ಅಂದರು. ಮೇಸ್ತ್ರಿಯದ್ದೇನು ತಪ್ಪು, ಪಾಪ, ಪುಕ್ಕಟೆ ದುಡಿಯುವ ಜೀವ. ಅವನು ಹೌದು ಅನ್ನಲೂ ಇಲ್ಲ, ಅಲ್ಲ ಅನ್ನಲೂ ಇಲ್ಲ. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಟೈಲರ್ ಆಸ್ಪತ್ರೆಯಿಂದ ಮನೆಗೆ ಬಂದನೆಂದು ತಿಳಿದು, ಹೋಗಿ ಅವನ ಮುಂದೆ ನಿಂತ.

"ಅಕ್ಕನ ತಪ್ಪಲ್ಲ. ಪಾನಾ ನನ್ನ ಕೈಲೇ ಇತ್ತು. ಬೇಕಂತಲೇ ಬಿಟ್ಟೆ."

"ಬೇಕಂತಲೇ ಅಂದ್ರೆ?"

"ಮಾರನೇ ದಿನ ಬರೋಕೆ ಒಂದು ಕೆಲಸ ಇರಲಿ ಅಂತ."

ಅಕ್ಕ ಬಾಗಿಲಿಗೆ ಬಂದು ನಿಂತಳು.

"ಬರಬೇಕು ಅನಿಸಿದ್ರೆ ಬರಬಹುದಿತ್ತಲ್ರೀ? ಬಾಗಿಲು ಹಾಕಿತ್ತಾ?" ಟೈಲರ್ ಪಟ್ಟಿ ಕಟ್ಟಿದ ಕೈಯನ್ನು ಮುಂದೆ ಚಾಚಿದ. "ನಿಮ್ಮ ಹೊತ್ತು ಹೋಗಲಿ ಅಂತ ನನ್ನ ಕೈ ಮುರಿದ್ರಲ್ಲ! ಹೋಗಿ. ಮೊದಲು ಇಲ್ಲಿಂದ ಹೋಗಿ."

ಮೇಸ್ತ್ರಿ ಹೊರಗೆ ಬಂದು ಹಿಡಿಕೆಯನ್ನು ಮತ್ತೆ ಗೋಡೆಗೆ ಕೂರಿಸಿ, ಬೋಲ್ಟುಗಳನ್ನು ತೋಳು ನೋಯುವಷ್ಟು ಬಿಗಿದು, ಪೈಪಿಗೆ ತನ್ನ ಪೂರ್ತಿ ಭಾರ ಹಾಕಿ ಜಗ್ಗಿ ನೋಡಿದ. ಅದು ಅಲ್ಲಾಡಲಿಲ್ಲ. ಒಳಗಿಂದ ಯಾರೂ ಇಣುಕಲಿಲ್ಲ.

ಆ ವಾರ ಬಾಕಿ ಉಳಿಸಿದ್ದ ನಾಲ್ಕು ಮನೆಗಳಿಗೆ ಹೋಗಿ ಎಲ್ಲವನ್ನೂ ಮುಗಿಸಿದ. "ಅರೆ, ನಾಳೆ ಇವತ್ತೇ ಬಂತಾ!" ಅಂತ ನಿವೃತ್ತ ಪೋಸ್ಟ್‌ಮ್ಯಾನ್ ತಮಾಷೆ ಮಾಡಿದ. ಎಲ್ಲರೂ ಬಾಯಿ ತುಂಬ ಹೊಗಳಿದರು, ಗೇಟಿನವರೆಗೂ ಬಂದು ಬೀಳ್ಕೊಟ್ಟರು. ಮತ್ತೆ ಬನ್ನಿ ಅಂತ ಯಾರೂ ಅನ್ನಲಿಲ್ಲ. ಅವರದೇನು ತಪ್ಪು? ಕೆಲಸ ಮುಗಿದಿತ್ತು. ಸಂಘಕ್ಕೆ ಹೋಗಿ, ಸ್ವಲ್ಪ ದಿನ ತನಗೆ ಯಾವ ಕೆಲಸವೂ ಬೇಡ ಅಂತ ಹೇಳಿಬಂದ. ಮನೆಯಲ್ಲಿ ಕೂತ. ಸಂಜೆ ಯಾರೋ ಬಂದ ಹಾಗಾಗಿ ಎದ್ದು ಹೋಗುತ್ತಿದ್ದ; ಪಕ್ಕದ ಮನೆಯ ಗೇಟಿನ ಸದ್ದಾಗಿರುತ್ತಿತ್ತು.

ಮೂರು ವಾರ ಕಳೆದ ಮೇಲೆ ಟೈಲರ್‌ನ ಅಕ್ಕ ಬಂದು ಬಾಗಿಲು ತಟ್ಟಿದಳು. ಒಳಗೆ ಬರಲಿಲ್ಲ.

"ಅವನೇ ಕಳಿಸಿದ್ದು. ಒಪ್ಪಿಕೊಂಡ ಅಂಗಿಗಳು ಹಾಗೇ ಬಿದ್ದಿವೆ. ಕಾಜಾ, ಗುಂಡಿ ಎಲ್ಲ ಬಾಕಿ. ನನಗೋ ಕಣ್ಣು ಕಾಣಲ್ಲ. ನಿಮಗೆ ಹೊಲಿಯೋಕೆ ಬರುತ್ತಾ ಅಂತ ಕೇಳಿದ."

"ಹಡಗಿನಲ್ಲಿ ನಮ್ಮ ಬಟ್ಟೆ ನಾವೇ ಹೊಲ್ಕೋತಿದ್ವಿ ಅಕ್ಕಾ."

"ಹಾಗಾದ್ರೆ ಚಪ್ಪಲಿ ಮೆಟ್ಟಿಕೊಳ್ಳಿ."

ಟೈಲರ್ ಕ್ಷಮಿಸಿದೆ ಅನ್ನಲಿಲ್ಲ. ಮೊದಲ ದಿನ ಹೊಲಿದ ಗುಂಡಿಗಳನ್ನೆಲ್ಲ ಬಿಚ್ಚಿಸಿದ. "ಇದೇನು ಲಂಗರು ಕಟ್ಟಿದ ಹಾಗೆ! ದಾರಕ್ಕೆ ಉಸಿರಾಡೋಕೆ ಬಿಡಿ." ಎರಡನೆಯ ದಿನ ಅರ್ಧ ಬಿಚ್ಚಿಸಿದ. ವಾರ ಕಳೆಯುವಷ್ಟರಲ್ಲಿ ಬೈಗುಳ ಕಡಿಮೆಯಾಯಿತು. ಒಂದು ಸಂಜೆ ಸೂಜಿಗೆ ದಾರ ಪೋಣಿಸುತ್ತ ಮೇಸ್ತ್ರಿ ಹೆಂಡತಿಯ ಕಾಯಿಲೆಯ ಕೊನೆಯ ತಿಂಗಳ ಬಗ್ಗೆ ಹೇಳತೊಡಗಿದ. ಯಾರಿಗೂ ಹೇಳಿರಲಿಲ್ಲ. ಟೈಲರ್ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೇಳಿದ.

ಎರಡು ತಿಂಗಳಿಗೆ ಕೈ ಕೂಡಿತು. ಬಟ್ಟೆಯ ರಾಶಿಯೂ ಕರಗಿತು. ಕೊನೆಯ ಅಂಗಿಯ ಕೊನೆಯ ಗುಂಡಿ ಹೊಲಿದು, ಗಂಟು ಹಾಕಿ, ದಾರ ಕತ್ತರಿಸಿ ಮೇಸ್ತ್ರಿ ಎದ್ದ. ಹೊಸ್ತಿಲವರೆಗೆ ಹೋಗಿ ಅಲ್ಲೇ ನಿಂತುಬಿಟ್ಟ. ಅರವತ್ತೆಂಟರ ವಯಸ್ಸಿನಲ್ಲೂ ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಟೈಲರ್ರೇ, ಕೆಲಸ ಇಲ್ಲದಿದ್ರೂ ಬರಬಹುದಾ?"

ಟೈಲರ್ ಕತ್ತರಿಯನ್ನು ಬಲಗೈಯಲ್ಲಿ ತೆರೆದು ಮುಚ್ಚಿ ನೋಡುತ್ತಿದ್ದ. ಬೆರಳುಗಳಿನ್ನೂ ಬಿಗಿಯಾಗಿದ್ದವು.

"ಮಧ್ಯಾಹ್ನ ನಿದ್ದೆ ಮಾಡ್ತೀನಿ. ನಾಲ್ಕರ ಮೇಲೆ ಬನ್ನಿ. ಭಾನುವಾರ ಬೇಡ, ಅಕ್ಕನ ಕಡೆಯವರು ಬರ್ತಾರೆ."

ಮೇಸ್ತ್ರಿ ತಲೆಯಾಡಿಸಿ ಬೀದಿಗಿಳಿದ. ಅವತ್ತು ಶನಿವಾರ. ಸೋಮವಾರದ ನಾಲ್ಕು ಗಂಟೆಗೆ ಇನ್ನೂ ಬಹಳ ಹೊತ್ತಿತ್ತು.