ದೊಡ್ಡಪ್ಪನ ಅಂಕಿತನಾಮ

ಅಂಚೆಯಮ್ಮನ ಕೈಗೆ ಆ ಬೆಳಿಗ್ಗೆ ಬಂದ ಕಾರ್ಡಿನ ಮೇಲೆ ವಿಳಾಸವೆಂದು ಇದ್ದದ್ದು ಇಷ್ಟೇ: 'ದೊಡ್ಡಪ್ಪ, ಗಡಿಯಾರ ರಿಪೇರಿ ಅಂಗಡಿ.' ಕೆಳಗೆ ಊರಿನ ಹೆಸರು. ಅಕ್ಷರಗಳು ಒಂದೊಂದೂ ಒಂದೊಂದು ಕಡೆ ವಾಲಿದ್ದವು.

"ವಾಪಸ್ ಹಾಕಿ," ಎಂದರು ಪೋಸ್ಟ್‌ಮಾಸ್ಟರು. "ದೊಡ್ಡಪ್ಪ ಅಂತೆ! ಊರಲ್ಲಿ ಕಲ್ಲು ಎಸೆದ್ರೆ ಯಾವನಾದ್ರೂ ಒಬ್ಬ ದೊಡ್ಡಪ್ಪನ ತಲೆ ಮೇಲೇ ಬೀಳುತ್ತೆ."

"ಕಳಿಸಿದವರ ವಿಳಾಸಾನೂ ಇಲ್ವಲ್ಲ ಸಾರ್. ಎಲ್ಲಿಗೆ ಅಂತ ವಾಪಸ್ ಹಾಕ್ಲಿ?"

ಇಪ್ಪತ್ತು ವರ್ಷದ ಕೆಲಸದಲ್ಲಿ ಅವಳು ಬೇರೆಯವರ ಕಾಗದ ಓದಿದವಳಲ್ಲ. ಇಂದು ಬೇರೆ ದಾರಿ ಕಾಣದೆ ಕಾರ್ಡನ್ನು ತಿರುಗಿಸಿದಳು.

'ದೊಡ್ಡಪ್ಪಾ, ದೊಡ್ಡಪ್ಪ ಅನ್ನೋದು ರೂಢನಾಮ ಅಂತೆ, ಎಲ್ಲರ ಮನೇಲೂ ಇರ್ತಾರಂತೆ. ಒಬ್ಬರಿಗೇ ಅಂತ ಇಟ್ಟ ಹೆಸರು ಅಂಕಿತನಾಮ. ಮನೆಯವರೆಲ್ಲರದೂ ಬರ್ಕೊಂಡು ಬನ್ನಿ ಅಂದಿದಾರೆ ಟೀಚರ್. ನಿನ್ನದು ನಂಗೆ ಗೊತ್ತಿಲ್ಲ. ಅಪ್ಪನ್ನ ಕೇಳಿದ್ರೆ ಅಣ್ಣ ಅಂದ. ಅಮ್ಮನ್ನ ಕೇಳಿದ್ರೆ ಭಾವ ಅಂದ್ಲು. ಆಮೇಲೆ ಇಬ್ರೂ ನಕ್ಕು, ಅವನನ್ನೇ ಕೇಳು ಅಂದ್ರು. ಬೇಗ ಬರಿ. ನೀನು ಸೀನಿದ್ರೆ ಇಲ್ಲಿಗೂ ಕೇಳುತ್ತೆ ಅಂತಾನೆ ಅಪ್ಪ. ಪುಟ್ಟಿ.'

ಊರಲ್ಲಿ ಗಡಿಯಾರದ ಅಂಗಡಿಗಳು ಮೂರು. ಮೊದಲನೆಯವನು ಗಾಬರಿಬಿದ್ದ. "ನಂಗಿನ್ನೂ ಮದ್ವೇನೇ ಆಗಿಲ್ಲ ಅಕ್ಕ, ಆಗ್ಲೇ ದೊಡ್ಡಪ್ಪ ಮಾಡ್ಬೇಡಿ!"

ಪುಟ್ಟಿ ಬರೆದ ಕಾರ್ಡು ಎಂದೊಡನೆ ಎರಡನೆಯವರು ಕೈಚಾಚಿಯೇಬಿಟ್ಟರು. "ನಂದೇ, ಕೊಡಿ. ಹನ್ನೊಂದು ಮಕ್ಕಳು ನನ್ನ ದೊಡ್ಡಪ್ಪ ಅಂತಾವೆ. ಅದರಲ್ಲಿ ನಾಲ್ಕು ಪುಟ್ಟಿಯರು."

"ಅವಕ್ಕೆ ನಿಮ್ಮ ಹೆಸರು ಗೊತ್ತಿಲ್ವಾ?"

ಅವರು ಹೆಮ್ಮೆಯಿಂದ ತಲೆಯ ಮೇಲಿನ ಬೋರ್ಡು ತೋರಿಸಿದರು. ಅಡಿ ಎತ್ತರದ ಅಕ್ಷರ. "ಯಾಕೆ ಗೊತ್ತಿರಲ್ಲ? ಓದೋಕೆ ಕಲಿತಿದ್ದೇ ಅದನ್ನ ನೋಡಿ!" ಎಂದವರಿಗೆ ತಮ್ಮ ಮಾತಿನ ಅರ್ಥ ತಮಗೇ ಹೊಳೆದು, ಚಾಚಿದ ಕೈ ಮೆಲ್ಲಗೆ ಹಿಂದೆ ಹೋಯಿತು.

ಮೂರನೆಯದು ಮೆಟ್ಟಿಲ ಕೆಳಗಿನ ಗೂಡು. ಬೋರ್ಡಿನಲ್ಲಿ ಹೆಸರಿಲ್ಲ, ಬರೀ ಗಡಿಯಾರದ ಚಿತ್ರ. ಅಂಚೆಯಮ್ಮ ಹೊಸಿಲ ಹತ್ತಿರ ಬರುವುದಕ್ಕೂ ಒಳಗಿಂದ ಸಿಡಿಲಿನಂಥ ಸೀನು ಬರುವುದಕ್ಕೂ ಸರಿಹೋಯಿತು. ತಟ್ಟೆಯಲ್ಲಿದ್ದ ಸಣ್ಣ ಸ್ಕ್ರೂಗಳೆಲ್ಲ ಚಿಲ್ಲನೆ ಹಾರಿದವು.

"ನಿಮಗೇ ಬಂದಿದ್ದು," ಎಂದು ನಗುತ್ತ ಕಾರ್ಡು ಕೊಟ್ಟಳು.

ಆತ ಕಣ್ಣಿಗೆ ಸಿಕ್ಕಿಸಿದ್ದ ಮಸೂರವನ್ನೂ ತೆಗೆಯದೆ ಓದಿದ, ಇನ್ನೊಮ್ಮೆ ಓದಿದ. ಕಿವಿ ಕೆಂಪಾಯಿತು. ಗಡಿಯಾರಕ್ಕೆ ಕೀ ಕೊಡುತ್ತಿದ್ದ ಹೆಂಡತಿ ಇಣುಕಿ ನೋಡಿ ಕಿಸಕ್ಕನೆ ನಕ್ಕಳು. "ಅಯ್ಯೋ, ಎಂಟಕ್ಷರದ ಹೆಸರು! ಬರೆಯೋಷ್ಟ್ರಲ್ಲಿ ಮಗು ಕೈ ಬಿದ್ದುಹೋಗುತ್ತೆ."

"ಮುತ್ತಜ್ಜನ ಹೆಸರಮ್ಮ," ಎಂದ ಆತ ಅಂಚೆಯಮ್ಮನಿಗೆ, ತಪ್ಪೊಪ್ಪಿಕೊಳ್ಳುವವನಂತೆ. "ಶಾಲೇಲಿ ಹುಡುಗರು ಅದನ್ನ ತುಂಡು ತುಂಡು ಮಾಡಿ ಆಡ್ಕೋತಿದ್ರು. ಬೋರ್ಡಿಗೂ ಹಾಕಿಸ್ಲಿಲ್ಲ."

ಅಂಚೆಯಮ್ಮ ಚೀಲದಿಂದ ಖಾಲಿ ಕಾರ್ಡೊಂದನ್ನು ತೆಗೆದು ಮುಂದಿಟ್ಟಳು. "ಪುಟ್ಟಿ ಕಾಯ್ತಿರ್ತಾಳೆ."

ಆತ ಕೈ ಒರೆಸಿಕೊಂಡು, ಮುಳ್ಳು ಕೂರಿಸುವಷ್ಟೇ ಜೋಪಾನವಾಗಿ ಒಂದೊಂದಕ್ಷರ ಬರೆದ. ಸಾಲು ಸಾಲದೆ ಕೊನೆಯ ಎರಡಕ್ಷರ ಕೆಳಗಿಳಿದವು. ಅಂಚೆಯಮ್ಮ ಅದನ್ನು ತಡವರಿಸದೆ ಗಟ್ಟಿಯಾಗಿ ಓದಿದಳು.

"ಕೇಳೋಕೆ ಅಷ್ಟೇನೂ ಕೆಟ್ಟದಾಗಿಲ್ಲ, ಅಲ್ವಾ?" ಎಂದ ಆತ.

"ಒಳ್ಳೆ ಗತ್ತಿದೆ!"

"ಇರ್ಲಿ, ಇರ್ಲಿ," ಎಂದಳು ಹೆಂಡತಿ, ನೆಲದ ಮೇಲೆ ಸ್ಕ್ರೂ ಹೆಕ್ಕುತ್ತ. "ನಾನು ಮಾತ್ರ 'ಏನ್ರೀ' ಅಂತಲೇ ಕರೆಯೋದು."