ಸಂದುಗಳೆಲ್ಲ ಮುಚ್ಚಿದ ಮನೆ

ನೊಯ್ಲೀನ್ ಸೀನಿದರೆ ನಮ್ಮ ಅಡುಗೆಮನೆಯಲ್ಲಿ ಕೇಳುತ್ತಿತ್ತು. ಸೀನು ಮಾತ್ರವಲ್ಲ, ಆಮೇಲೆ ಅವಳು ಮೂಗು ಸೀಟಿಕೊಳ್ಳುವುದೂ ಕೇಳುತ್ತಿತ್ತು. ಸಿಡ್ನಿಯ ಮ್ಯಾರಿಕ್‌ವಿಲ್ಲಿನಲ್ಲಿ ನಮ್ಮ ಬೀದಿಯ ಮನೆಗಳೆಲ್ಲ ಜೋಡಿಮನೆಗಳು. ನಡುವೆ ಒಂದೇ ಗೋಡೆ. ಆ ಕಡೆ ಅವಳು, ಈ ಕಡೆ ನಾನು ಮತ್ತು ನನ್ನ ಹೆಂಡತಿ ಅರ್ಗಿರೊ. ಮೂವತ್ತೊಂದು ವರ್ಷ ಆ ಹೆಂಗಸಿನ ಕೆಮ್ಮು, ಕಫ, ಶನಿವಾರದ ಕುದುರೆ ರೇಸಿನ ರೇಡಿಯೊ ಎಲ್ಲವನ್ನೂ ಊಟದ ಜೊತೆಗೇ ನುಂಗಿದ್ದೇನೆ.

ವಿಮಾನಗಳ ಮಾತು ಬೇರೆ. ಅವು ನಮ್ಮ ಹೆಂಚುಗಳನ್ನು ಸವರಿಕೊಂಡೇ ಇಳಿಯುತ್ತವೆ. ಒಂದು ಬಂದರೆ ಈ ಬೀದಿಯವರು ಮಾತನ್ನು ಅಲ್ಲಿಗೇ ನಿಲ್ಲಿಸಿ, ಬಾಯಿ ತೆರೆದುಕೊಂಡೇ ಕಾದು, ಅದು ದಾಟಿದ ಮೇಲೆ ಬಿಟ್ಟ ಅಕ್ಷರದಿಂದ ಮುಂದುವರಿಸುತ್ತಾರೆ. ಎದುರಿಗಿದ್ದವರೂ ಕಾಯುತ್ತಾರೆ. ಜಗಳದಲ್ಲೂ ಹಾಗೆಯೇ. ವಿಮಾನದ ಮೇಲೆ ನನಗೆ ಸಿಟ್ಟಿರಲಿಲ್ಲ. ಅದಕ್ಕೆ ಮೂಗಿಲ್ಲ, ಕಫವಿಲ್ಲ.

ಇದು ಸಾಲದೆಂದು ಅವಳ ಪಾಸಮ್. ಬೆಕ್ಕಿನಷ್ಟು ದಪ್ಪ, ಪೊದೆಬಾಲ, ಹೊಟ್ಟೆಯ ಚೀಲದಲ್ಲಿ ಮರಿ ಹೊತ್ತು ತಿರುಗುವ ಪ್ರಾಣಿ. ಇಲ್ಲಿ ಯಾವ ಛಾವಣಿಯಲ್ಲೂ ಒಂದು ಇದ್ದೇ ಇರುತ್ತದೆ, ಎಲ್ಲರೂ ಬೈದುಕೊಂಡು ಸುಮ್ಮನಿರುತ್ತಾರೆ. ನೊಯ್ಲೀನ್ ಮಾತ್ರ ಅದಕ್ಕೆ ಡಚೆಸ್ ಎಂದು ಹೆಸರಿಟ್ಟು, ದಿನಾ ಸಂಜೆ ಬೇಲಿಯ ಮೇಲೆ ಬಾಳೆಹಣ್ಣು ಹೆಚ್ಚಿಡುತ್ತಿದ್ದಳು. ತಿಂದ ಆ ಮಹಾರಾಣಿ ಬೂಟು ಹಾಕಿಕೊಂಡವಳಂತೆ ನಮ್ಮ ಹೆಂಚಿನ ಮೇಲೆ ಓಡಾಡುತ್ತಿತ್ತು, ಗಂಟಲು ಕೆರೆದು ಗೊರಗುಟ್ಟುತ್ತಿತ್ತು, ನಮ್ಮ ಮಲಗುವ ಕೋಣೆಯ ಮೇಲೆಯೇ ಉಚ್ಚೆ ಹೊಯ್ಯುತ್ತಿತ್ತು. ಥೂ.

ಮಾರ್ಚಿನಲ್ಲಿ ಅರ್ಗಿರೊ ಬ್ಯಾಗು ಹಿಡಿದು ವೊಲಂಗಾಂಗಿನ ಅಕ್ಕನ ಮನೆಗೆ ಹೊರಟಳು.

"ಈ ಮನೆ ಸದ್ದು ಇನ್ನು ನನ್ನ ಕೈಲಿ ತಡಿಯೋಕಾಗಲ್ಲ, ಲೆಫ್ಟೇರಿ," ಎಂದಳು. "ಸದ್ದು ನಿಂತ ದಿನ ಫೋನ್ ಮಾಡು. ಬರ್ತೀನಿ."

ಒಂದು ವಾರ ಎಂದುಕೊಂಡಿದ್ದೆ. ಮೂರು ತಿಂಗಳಾಯಿತು. ಕಾಫಿಗೆ ಎರಡು ಲೋಟ ಇಟ್ಟು ಒಂದನ್ನು ವಾಪಸು ಇಡುವುದು ನನಗೆ ಸಾಕಾಗಿತ್ತು. ಅವಳು ವಾಪಸು ಬರಬೇಕು, ಅಷ್ಟೇ. ಅದಕ್ಕೆ ಮನೆ ಸದ್ದಿಲ್ಲದ ಮನೆಯಾಗಬೇಕಿದ್ದರೆ ಅದನ್ನೂ ಮಾಡಿಬಿಡುವುದೆಂದು ನಿರ್ಧರಿಸಿದೆ.

ಮನೆಗೆ ಸದ್ದು ನುಗ್ಗದಂತೆ ಮಾಡುವ ಕಸುಬಿನ ಪನಾಗಿಸ್‌ನನ್ನು ಕರೆಸಿದೆ. ಐವತ್ತು ದಾಟಿದವನು, ನಾವು ಬಿಟ್ಟುಬಂದ ದ್ವೀಪದ ಕಡೆಯವನೇ.

"ಸದ್ದು ನೀರಿದ್ದ ಹಾಗೆ, ಬಾರ್ಬಾ," ಎಂದ. ನಮ್ಮಲ್ಲಿ ಹಿರಿಯರನ್ನು ಹಾಗೆಯೇ ಕರೆಯುವುದು. "ಗೋಡೆ ಎಷ್ಟು ದಪ್ಪ ಮಾಡಿದ್ರೂ ಒಂದು ಸಂದಿದ್ರೆ ಸಾಕು, ನುಗ್ಗತ್ತೆ."

ಸಂದು ಮುಚ್ಚುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ರೈಲ್ವೆ ಕಾರ್ಖಾನೆಯಲ್ಲಿ ಬೋಗಿಗಳಿಗೆ ಕಿಟಕಿ ಕೂರಿಸಿಯೇ ನಿವೃತ್ತನಾದವನು ನಾನು. ಇಬ್ಬರೂ ಸೇರಿ ನೊಯ್ಲೀನಳ ಗೋಡೆಗೆ ತಾಗದಂತೆ ಇನ್ನೊಂದು ಗೋಡೆ ಎಬ್ಬಿಸಿದೆವು. ನಡುವೆ ಉಣ್ಣೆಯಂಥ ಹೊದಿಕೆ ತುರುಕಿದೆವು. ಹೆಂಚಿನ ಕೆಳಗೂ ದಪ್ಪ ಹಲಗೆಯ ಒಳಛಾವಣಿ, ಮೇಲೆ ಅದೇ ಹೊದಿಕೆ. ಕಿಟಕಿಗಳಿಗೆ ಎರಡೆರಡು ದಪ್ಪ ಗಾಜು, ಇನ್ನು ಅವು ತೆರೆಯುವ ಹಾಗಿಲ್ಲ. ಮುಂಬಾಗಿಲು ಇಬ್ಬರು ಎತ್ತಬೇಕಾದಷ್ಟು ಭಾರದ್ದು, ಸುತ್ತ ರಬ್ಬರಿನ ಪಟ್ಟಿ, ಹೊಸ ಬೀಗ. ಕರೆಗಂಟೆಯನ್ನು ಕಿತ್ತೆಸೆದೆ. ಫೋನನ್ನು ಟವೆಲ್ಲಿನಲ್ಲಿ ಸುತ್ತಿ ಅಡುಗೆಮನೆಯ ಡ್ರಾಯರಿಗೆ ತಳ್ಳಿದೆ.

ಉಳಿದದ್ದು ಛಾವಣಿಯಂಚಿನಲ್ಲಿ ಪಾಸಮ್ ನುಸುಳುತ್ತಿದ್ದ ಸಂದು ಒಂದೇ.

"ಅದನ್ನ ಸಂಜೆ, ಪಾಸಮ್ ಹೊರಗೆ ಹೋದ ಮೇಲೇ ಮುಚ್ಚಬೇಕು ಬಾರ್ಬಾ. ಕಾನೂನೂ ಹಂಗೇ ಇದೆ," ಎಂದು ಹೇಳಿ ಪನಾಗಿಸ್ ಊಟಕ್ಕೆ ಹೋದ.

ಅದು ಹಗಲೆಲ್ಲ ನೊಯ್ಲೀನಳ ನಿಂಬೆಮರದಲ್ಲಿ ಬಿದ್ದಿರುತ್ತದೆಂದು ನನ್ನ ಲೆಕ್ಕ. ಯಾವತ್ತೂ ಹೋಗಿ ನೋಡಿದವನಲ್ಲ. ಒಂದು ಪ್ರಾಣಿಯ ದಿನಚರಿಗೆ ನಾನು ಸಂಜೆವರೆಗೆ ಕಾಯುವುದೇ? ಅಂದೇ ಅರ್ಗಿರೊಗೆ ಫೋನ್ ಮಾಡುವುದಿತ್ತು. ಏಣಿ ಹತ್ತಿ ತಗಡಿನ ತುಂಡಿಟ್ಟು ಮೊಳೆ ಹೊಡೆಯತೊಡಗಿದೆ.

ಬೇಲಿಯಾಚೆ ನೊಯ್ಲೀನ್ ಬಂದಳು. ಹಳದಿ ಗೌನು, ಕೈಯಲ್ಲಿ ಒದ್ದೆ ಕರವಸ್ತ್ರ.

"ಲೆಫ್ಟಿ! ಹಗಲು ಹೊತ್ತಲ್ಲಿ ಬೇಡ ಕಣೋ! ಅವಳು ಈಗ—"

ವಿಮಾನ ಬಂತು. ನೊಯ್ಲೀನ್ ಬಾಯಿ ತೆರೆದುಕೊಂಡು ನಿಂತಳು. ಆಗ ನಾನು ಈ ಬೀದಿಯಲ್ಲಿ ಯಾರೂ ಮಾಡದ ಕೆಲಸ ಮಾಡಿದೆ: ಕಾಯಲಿಲ್ಲ. ಆ ಗದ್ದಲದಲ್ಲೇ ಕೊನೆಯ ಮೂರು ಮೊಳೆ ಹೊಡೆದು, ಇಳಿದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ರಬ್ಬರು ಚುಂಬಿಸಿದ ಹಾಗೆ ಕೂತಿತು. ಅವಳ ಮಿಕ್ಕ ಮಾತು ಹೊರಗೇ ಉಳಿಯಿತು.

ಆಹಾ, ಎಂಥ ಮೌನ! ಸೀನಿಲ್ಲ, ರೇಸಿಲ್ಲ. ಗೋಡೆಗೆ ಕಿವಿ ಕೊಟ್ಟರೂ ಏನಿಲ್ಲ. ಡ್ರಾಯರಿನಿಂದ ಫೋನು ತೆಗೆದು ಅರ್ಗಿರೊಗೆ ಹೇಳಿದೆ: "ಬಾ. ಸದ್ದು ನಿಂತಿದೆ."

"ನಿಜವಾಗ್ಲೂ?"

"ಆಣೆ."

"ಸರಿ. ಮುಂದಿನ ವಾರ, ಭಾನುವಾರ ಬರ್ತೀನಿ."

ಫೋನನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತಿ ಡ್ರಾಯರಿಗೆ ತಳ್ಳಿದೆ. ಮರುದಿನ, ಶನಿವಾರ, ಟಪ್ಪಾಲು ಡಬ್ಬಿಯಲ್ಲಿ ನೊಯ್ಲೀನಳ ಚೀಟಿ ಇತ್ತು. ಬೈಗುಳವಲ್ಲದೆ ಇನ್ನೇನಿರುತ್ತದೆ ಎಂದು ಓದದೆ ಹರಿದು ಹಾಕಿದೆ. ಭಾನುವಾರ ಇನ್ನೊಂದು. ಅದನ್ನೂ ಹರಿದೆ.

ಬುಧವಾರ ವಾಸನೆ ಶುರುವಾಯಿತು. ಮೊದಲು ಚರಂಡಿ ಎಂದುಕೊಂಡೆ, ಆಮೇಲೆ ಫ್ರಿಜ್ಜಿನಲ್ಲಿ ಕೊಳೆತ ಮೀನು. ಗುರುವಾರ ಅದು ನನ್ನ ಬ್ರೆಡ್ಡಿನಲ್ಲಿತ್ತು, ಅಂಗಿಯಲ್ಲಿತ್ತು, ಬಾಯಿಯ ಎಂಜಲಿನಲ್ಲಿತ್ತು. ಕಿಟಕಿ ತೆರೆಯೋಣವೆಂದರೆ ತೆರೆಯುವ ಕಿಟಕಿಯೇ ಇಲ್ಲ. ನಾನೇ ಮುಚ್ಚಿದ ಮನೆಯಲ್ಲಿ ಆ ಹೊಲಸು ಹೊರಗೆ ಹೋಗಲು ಒಂದು ಸಂದೂ ಇಲ್ಲದೆ ನನ್ನ ಜೊತೆಗೇ ಕೂತಿತ್ತು. ಶನಿವಾರ ಮಲಗುವ ಕೋಣೆಯ ಒಳಛಾವಣಿಯಲ್ಲಿ ಕಂದು ಕಲೆ ಮೂಡಿತು. ಅದರಿಂದ ಒಂದು ಹನಿ ಅರ್ಗಿರೊಳ ದಿಂಬಿನ ಮೇಲೆ ಬಿತ್ತು. ನಾನು ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡೆ.

ಭಾನುವಾರ ಬೆಳಿಗ್ಗೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಗರಗಸ ತೆಗೆದುಕೊಂಡೆ. ಹೊಸ ಒಳಛಾವಣಿಯ ಹಲಗೆ ಕೊಯ್ಯುತ್ತಿದ್ದಂತೆ ಒದ್ದೆ ಉಣ್ಣೆಯ ಸಮೇತ ಅದು ಹಾಸಿಗೆಗೆ ಬಿತ್ತು. ಜೊತೆಗೆ ಬೊಗಸೆ ಬೊಗಸೆ ಹುಳು. ಊದಿದ ಹೊಟ್ಟೆಯ ಚೀಲದಿಂದ ಹೆಬ್ಬೆರಳಿನಷ್ಟು, ಕೂದಲಿಲ್ಲದ ಮರಿಯೊಂದು ಅರ್ಧ ಹೊರಬಂದಿತ್ತು. ತಾಯಿಯ ಮುಂಗಾಲಿನ ಉಗುರುಗಳು ಬುಡದವರೆಗೆ ಸವೆದಿದ್ದವು. ಕೊಯ್ದ ಹಲಗೆಯನ್ನು ಮಗುಚಿ ನೋಡಿದೆ. ಮೇಲ್ಮೈಯನ್ನೆಲ್ಲ ಕೆರೆದು ಪುಡಿ ಮಾಡಿತ್ತು. ನನ್ನ ತಲೆಯ ಮೇಲೆ, ಒಂದು ಹಲಗೆಯ ಆಚೆ, ಎಷ್ಟು ದಿನ ಕೆರೆಯಿತೋ. ನಾನು ಕೆಳಗೆ ಗೊರಕೆ ಹೊಡೆಯುತ್ತಿದ್ದೆ. ನನ್ನ ಕೈಗಳನ್ನು ನೋಡಿಕೊಳ್ಳಲೂ ಹೇಸಿಗೆಯಾಯಿತು.

ಎರಡನ್ನೂ ಒಂದು ಚೀಲಕ್ಕೆ ತುಂಬಿ ಹಿತ್ತಿಲಿಗೆ ಬಂದಾಗ ಬೇಲಿಯಾಚೆ ನೊಯ್ಲೀನ್ ನಿಂತಿದ್ದಳು. ಚೀಲದಲ್ಲೇನೆಂದು ಅವಳು ಕೇಳಬೇಕಾಗಿರಲಿಲ್ಲ, ವಾಸನೆಯೇ ಹೇಳಿತ್ತು.

"ಮೂರು ದಿನ ನಿನ್ನ ಬಾಗಿಲು ಬಡಿದೆ, ಲೆಫ್ಟಿ. ಅವಳು ಕೆರೆಯೋದು ನನ್ನ ಕಡೆ ಕೇಳ್ತಿತ್ತು. ಚೀಟೀನೂ ಹಾಕಿದೆ."

"ಗೊತ್ತು."

"ಓದಿದ್ಯಾ?"

"ಹರಿದು ಹಾಕಿದೆ."

ಅಷ್ಟರಲ್ಲಿ ಪಕ್ಕದ ಓಣಿಯ ಗೇಟು ಕಿರುಗುಟ್ಟಿ ಅರ್ಗಿರೊ ಬ್ಯಾಗು ಹಿಡಿದು ಒಳಬಂದಳು. ನನ್ನನ್ನು, ಚೀಲವನ್ನು, ನೊಯ್ಲೀನಳ ಮುಖವನ್ನು ನೋಡಿದಳು. ನೊಯ್ಲೀನ್ ಎರಡು ಮಾತಿನಲ್ಲಿ ನಡೆದದ್ದನ್ನು ಹೇಳಿದಳು.

"ನಿನಗೋಸ್ಕರ ಮಾಡಿದ್ದು," ಎಂದೆ. "ಸದ್ದು ತಡಿಯೋಕಾಗಲ್ಲ ಅಂದಿದ್ದು ನೀನೇ ಅಲ್ವಾ?"

"ಅಯ್ಯೋ ನಿನ್ನ! ನಾನು ಹೋಗಿದ್ದು ಅವಳ ಸೀನಿಗಲ್ಲ, ಪಾಸಮ್ಮಿಗೂ ಅಲ್ಲ. ನಾನು ಹೋಗಿದ್ದು—"

ವಿಮಾನ ಬಂತು. ಮೂವರೂ ನಿಂತೆವು. ಈ ಸಲ ನಾನೂ ಕಾದೆ. ಅದರ ನೆರಳು ನಿಂಬೆಮರ, ಬೇಲಿ, ಕೈಯಲ್ಲಿದ್ದ ಚೀಲ ಎಲ್ಲವನ್ನೂ ದಾಟಿ ಹೋಯಿತು.

"—ನಿನ್ನ ಸದ್ದಿಗೆ," ಎಂದಳು ಅರ್ಗಿರೊ. "ಅವಳು ಸೀನಿದ್ರೆ ನೀನು ಪೊರಕೆ ಹಿಡಿಯಿಂದ ಗೋಡೆ ಕುಟ್ಟೋದು. ಎದ್ದಾಗಿಂದ ಮಲಗೋವರೆಗೂ ಅಸಹ್ಯ, ಹೊಲಸು, ಥೂ, ಥೂ! ಸೀನು ಒಂದು ಕ್ಷಣ ಕಣೋ. ನಿನ್ನ ಬೈಗುಳ ದಿನವಿಡೀ."

ಅವಳು ನನ್ನ ಕೈಯಲ್ಲಿದ್ದ ಚೀಲದತ್ತ ಬೆರಳು ತೋರಿಸಿದಳು.

"ಅದನ್ನ ಮಣ್ಣು ಮಾಡು. ಸ್ನಾನ ಮಾಡು. ನಾನು ನೊಯ್ಲೀನ್ ಹತ್ರ ಟೀ ಕುಡೀತಿರ್ತೀನಿ. ಬರೋದೋ ಬೇಡ್ವೋ ಆಮೇಲೆ ಹೇಳ್ತೀನಿ."

ತಾಯಿಯನ್ನೂ ಮರಿಯನ್ನೂ ಹಿತ್ತಿಲ ಮೂಲೆಯಲ್ಲಿ ಹೂಳಿದೆ. ಹಾಸಿಗೆಯನ್ನು ಎಳೆದು ಹೊರಗೆ ಹಾಕಿದೆ. ಮೂರು ಸಲ ಸೋಪು ಹಚ್ಚಿ ಮಿಂದೆ. ಆಮೇಲೆ ನನ್ನ ಹೊಸ ಗೋಡೆಗೆ ಕಿವಿಯಿಟ್ಟು ಕೂತೆ. ಆ ಕಡೆ ಇಬ್ಬರೂ ನನ್ನ ವಿಷಯವೇ ಮಾತಾಡುತ್ತಿರಬೇಕು. ಅರ್ಗಿರೊ ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅಷ್ಟಾದರೂ ತಿಳಿದರೆ ಸಾಕಿತ್ತು. ಒಂದು ಸೀನು ಕೇಳಿದರೂ ಸಾಕಿತ್ತು. ಏನೂ ಕೇಳಲಿಲ್ಲ. ಕೆಲಸ ಅಷ್ಟು ಅಚ್ಚುಕಟ್ಟಾಗಿ ಆಗಿತ್ತು.

ಬೆಳಕು ಮಾಸುವಾಗ ತಾಳಲಾರದೆ ಹಿತ್ತಿಲಿಗೆ ಹೋದೆ. ನೊಯ್ಲೀನ್ ಬೇಲಿಯ ಹತ್ತಿರ ಇದ್ದಳು. ರೂಢಿಯಿಂದ ಹೆಚ್ಚಿದ ಬಾಳೆಹಣ್ಣಿನ ತಟ್ಟೆ ಕೈಯಲ್ಲೇ ಇತ್ತು.

"ಅರ್ಗಿರೊನ ಕಳಿಸು," ಎಂದೆ.

"ಹೋದ್ಲಲ್ಲ. ಆಗಲೇ ಟ್ಯಾಕ್ಸಿ ಹತ್ತಿದ್ಲು."

"ನನಗೆ ಏನೂ ಹೇಳದೇನೇ?"

ನೊಯ್ಲೀನ್ ನನ್ನನ್ನು ವಿಚಿತ್ರವಾಗಿ ನೋಡಿದಳು.

"ಹತ್ತು ನಿಮಿಷ ನಿನ್ನ ಬಾಗಿಲು ಬಡಿದ್ಲು, ಲೆಫ್ಟಿ. ಬ್ಯಾಗು ಕೈಯಲ್ಲೇ ಇತ್ತು, ಒಳಗೆ ಬರೋಕೇ ಹೊರಟಿದ್ಲು. ನಿನ್ನ ಹೊಸ ಬೀಗಕ್ಕೆ ಅವಳ ಹಳೇ ಬೀಗದ ಕೈ ಹಿಡೀಲಿಲ್ಲ. ಹಿಂದಿನಿಂದ ಹೋಗು ಅಂದೆ. 'ಅವನಿಗೆ ನಾನು ಬೇಕಿದ್ರೆ ಮುಂದಿನ ಬಾಗಿಲೇ ತೆಗೀತಿದ್ದ' ಅಂದ್ಲು."

ಒಳಗೆ ಓಡಿ ಡ್ರಾಯರನ್ನು ಎಳೆದೆ. ಟವೆಲ್ಲು ಬಿಚ್ಚಿದೆ. ಅರ್ಗಿರೊ ನಾಲ್ಕು ಸಲ ಕರೆ ಮಾಡಿದ್ದಳು.