ಬುಟ್ಟಿ ನಡುಗಿದರೆ ಗೋಲು

ಆ ನಿಯಮ ಮಾಡಿದವನು ನಾನೇ. ತಪ್ಪನ್ನು ಬೇರೆ ಯಾರ ಮೇಲೂ ಹಾಕುವುದಿಲ್ಲ, ಹಾಕಿದರೆ ನನ್ನ ನಾಲಿಗೆ ಸೇದಿ ಹೋಗಲಿ. ಮುದ್ದೇಬಿಹಾಳದ ತಾಳಿಕೋಟಿ ರಸ್ತೆಯಲ್ಲಿ ಹತ್ತೊಂಬತ್ತು ವರ್ಷದಿಂದ ಬಾರ್ ನಡೆಸುತ್ತಿರುವ ಕಾಳಪ್ಪ ನಾನು. ಊರಿನ ಫುಟ್‌ಬಾಲ್ ತಂಡ ಮುದ್ದೇಬಿಹಾಳ ಯುನೈಟೆಡ್ ಎಲ್ಲೇ ಆಡಲಿ, ಆಟ ನೋಡುವ ಜನ ಸೇರುವುದು ನನ್ನಲ್ಲಿಯೇ. ಕ್ರಿಕೆಟ್ ಹಾಕು ಎಂದವನಿಗೆ ಬಾಗಿಲು ತೋರಿಸಿದ್ದೇನೆ.

ಯುನೂಸ ಎಂಬ ಮದುವೆ ವಿಡಿಯೋದವನು ತಂಡದ ಜೊತೆ ಹೋಗಿ, ಮೈದಾನದ ಬದಿಗೆ ಸ್ಟ್ಯಾಂಡ್ ನಿಲ್ಲಿಸಿ, ಮೊಬೈಲಿನಿಂದಲೇ ಆಟವನ್ನು ಯೂಟ್ಯೂಬಿಗೆ ಬಿಡುತ್ತಾನೆ. ಅದು ನಮ್ಮ ಟಿವಿಗೆ ಬರುವಷ್ಟರಲ್ಲಿ ಎರಡು ನಿಮಿಷ ತಡ. ಅಲ್ಲಿ ಗೋಲಾಗಿ, ಹುಡುಗರು ಕುಣಿದು, ಮತ್ತೆ ತಮ್ಮ ತಮ್ಮ ಜಾಗಕ್ಕೆ ಬಂದು ನಿಂತಿರುವಾಗ ನಮ್ಮ ಟಿವಿಯಲ್ಲಿ ಚೆಂಡು ಇನ್ನೂ ಯಾರದೋ ಕಾಲಲ್ಲಿ ಇರುತ್ತದೆ. ತಡವಾದರೇನು, ಕುಡಿಯಲು ಕುಳಿತವನಿಗೆ ಎಲ್ಲಿಯ ಅವಸರ? ಆದರೆ ತಂಗಡಗಿಯ ಧರ್ಮರಾಜ ಇದ್ದಾನಲ್ಲ, ಅವನ ಅಳಿಯ ಪ್ರತಿ ಆಟಕ್ಕೂ ತಂಡದ ಜೊತೆ ಹೋಗುತ್ತಿದ್ದ. ಗೋಲು ಬಿದ್ದ ಕೂಡಲೇ ಮಾವನಿಗೆ ಫೋನು. ಈ ಖೋಡಿ ಕುರ್ಚಿಯ ಮೇಲೆ ಹತ್ತಿ ನಿಂತು, "ಗೋಲ್ ಆತಲೇ!" ಎಂದು ಒದರುತ್ತಿದ್ದ. ಉಳಿದವರ ಬಾಯಿಗೆ ಮಣ್ಣು. ಒಂದು ಸಲ ಇದೇ ಜಗಳಕ್ಕೆ ಎರಡು ಕುರ್ಚಿ ಮುರಿದವು.

ಅವತ್ತೇ ನಾನು ಅಡಿಗೆಮನೆಯಿಂದ ರೊಟ್ಟಿ ಬುಟ್ಟಿ ತಂದು ಕೌಂಟರಿನ ತಗಡಿನ ಮೇಲೆ ಕುಕ್ಕಿದೆ. "ಆಟ ಸುರು ಆಗೂದ್ರಾಗ ಎಲ್ಲಾರ ಫೋನೂ ಇದ್ರಾಗ ಬೀಳಬೇಕು. ಸೌಂಡ್ ಬಂದ್ ಮಾಡಿ ಹಾಕ್ರಿ. ಆಟ ಮುಗಿಯೂತನಕ ಯಾರೂ ಮುಟ್ಟಂಗಿಲ್ಲ. ಮುಟ್ಟಿದಾಂವ ನನ್ನ ಬಾರಿಗೆ ಮತ್ತ ಬರಂಗಿಲ್ಲ, ಅವ್ರಪ್ಪ ಬಂದು ಹೇಳಿದ್ರೂ ಬಿಡಂಗಿಲ್ಲ," ಎಂದೆ. ಗೊಣಗಿದರು, ಬೈದರು, ಹಾಕಿದರು.

ಆದರೆ ಮೈದಾನಕ್ಕೆ ಹೋದವರು ಫೋನ್ ಮಾಡುವುದನ್ನು ಬಿಡಲಿಲ್ಲ. ಎತ್ತುವುದಿಲ್ಲ ಎಂದು ಗೊತ್ತು, ಆದರೂ ಗೋಲು ಬಿದ್ದ ಖುಷಿಗೆ ಒಬ್ಬೊಬ್ಬರೂ ಒಂದೊಂದು ಮಿಸ್ ಕಾಲ್ ಕೊಡುತ್ತಿದ್ದರು. ಮೂವತ್ತು ನಲವತ್ತು ಫೋನು ಒಮ್ಮೆಗೇ ಗುರುಗುಟ್ಟಿದಾಗ ತಗಡಿನ ಮೇಲಿನ ಬುಟ್ಟಿ ಗಡಗಡ ನಡುಗುತ್ತಿತ್ತು. ನಾವು ಗೋಲು ತಿಂದರೆ ಮಾತ್ರ ಬುಟ್ಟಿ ಸುಮ್ಮನಿರುತ್ತಿತ್ತು, ಸೋತ ಸುದ್ದಿ ಹೇಳಲು ಯಾರು ಫೋನ್ ಮಾಡುತ್ತಾರೆ? ಹೀಗಾಗಿ ಬುಟ್ಟಿ ನಡುಗಿದರೆ ಗೋಲು ಎಂಬುದು ಊರಿನ ಮಾತೇ ಆಯಿತು. ಒಬ್ಬನಿಗೇ ಮೊದಲು ಗೊತ್ತಾದರೆ ಜಗಳ, ಎಲ್ಲರಿಗೂ ಒಟ್ಟಿಗೆ ಗೊತ್ತಾದರೆ ಹಬ್ಬ. ಬುಟ್ಟಿ ನಡುಗಿದ ಕೂಡಲೇ ನಾನು ಹೊರಗೆ ಓಡಿ ಪಟಾಕಿ ಸರಕ್ಕೆ ಕಡ್ಡಿ ಗೀರುತ್ತಿದ್ದೆ. ಪಟಾಕಿ ಮುಗಿದು ಹೊಗೆ ಆರುವಷ್ಟರಲ್ಲಿ ಟಿವಿಯಲ್ಲಿ ಗೋಲು. ಹಿಂದಿನ ಓಣಿಯ ಹೆಣ್ಣುಮಕ್ಕಳಿಗೂ ಪಟಾಕಿಯ ಸಪ್ಪಳವೇ ಸುದ್ದಿ. ನನ್ನ ಬುದ್ಧಿಗೆ ನಾನೇ ಮೀಸೆ ತಿರುವಿಕೊಂಡು ತಿರುಗುತ್ತಿದ್ದೆ.

ಬಂದಗಿಸಾಬ ಸಾಲಿ ಕಲಿಯುವಾಗಿನಿಂದ ನನ್ನ ಗೆಳೆಯ. ಎಪಿಎಂಸಿ ಯಾರ್ಡಿನಲ್ಲಿ ಕಾಳು ತೂಗುವ ಕೆಲಸ. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ನನ್ನ ಬಾರಿನ ಹೊಸ್ತಿಲು ತುಳಿದವನಲ್ಲ. "ನೀ ಗೆಳ್ಯಾ ಖರೆ, ನಿನ್ನ ಅಂಗಡಿ ನನಗ ಹರಾಮ್," ಎಂದು ನಗುತ್ತಾನೆ. ಎದುರಿನ ಬೇವಿನ ಮರದ ಕಟ್ಟೆ ಅವನ ಜಾಗ. ಅವನ ಥರದವರು ಇನ್ನೂ ಹತ್ತು ಹದಿನೈದು ಮಂದಿ ಅಲ್ಲಿ ಚಹಾ ಕುಡಿಯುತ್ತ ಕುಳಿತಿರುತ್ತಾರೆ. ಅವರಿಗೂ ಕಾಣಲಿ ಎಂದೇ ಟಿವಿಯನ್ನು ಕಿಟಕಿಯ ಪಕ್ಕ ಓರೆಯಾಗಿ ಹಾಕಿಸಿದ್ದೇನೆ. ಅವರ ಫೋನೂ ಬುಟ್ಟಿಗೇ ಬೀಳಬೇಕು. ಆಟ ಶುರುವಾಗುವ ಮೊದಲು ಬಂದಗಿಸಾಬ ಕಿಟಕಿಯ ಸರಳಿನ ಸಂದಿಯಿಂದ ತನ್ನ ಫೋನನ್ನು ನನ್ನ ಕೈಗೆ ಕೊಡುತ್ತಾನೆ. ಬಟನ್ನಿನ ಹಳೇ ಫೋನು, ಒಡೆದ ಬೆನ್ನಿಗೆ ಕೆಂಪು ರಬ್ಬರ್ ಬ್ಯಾಂಡ್.

ಅವನ ಮಗ ಮಂಜೂರ ನಮ್ಮ ತಂಡದ ಗೋಲ್‌ಕೀಪರ್. ಇಪ್ಪತ್ತನಾಲ್ಕು ವರ್ಷ, ಆರು ಅಡಿ ಎತ್ತರ. ವಾರವೆಲ್ಲ ಸುಟ್ಟುಹೋದ ಬೋರಿನ ಮೋಟರುಗಳಿಗೆ ತಂತಿ ಸುತ್ತುತ್ತಾನೆ. ಆಟದ ದಿನ ಅವನದೊಂದು ರೂಢಿ ಇತ್ತು. ಆಟ ಶುರುವಾಗುವ ಮೊದಲು ಯುನೂಸನ ಕ್ಯಾಮೆರಾದತ್ತ ತಿರುಗಿ ಕೈಯೆತ್ತಿ ಸಲಾಮ್ ಮಾಡುವುದು. ಅದು ಕಟ್ಟೆಯ ಮೇಲಿನ ಅಪ್ಪನಿಗೆ. ಬಂದಗಿಸಾಬನೂ ಟಿವಿಗೆ ಸಲಾಮ್ ಮಾಡುತ್ತಿದ್ದ. "ಲೇ, ಟಿವಿಗೆ ಕಾಣಸ್ತೈತೇನ ನಿನ್ನ ಕೈ?" ಎಂದು ನಾನು ಪ್ರತಿ ಸಲ ಕಾಡಿಸುತ್ತಿದ್ದೆ.

ಆ ಭಾನುವಾರ ಇಂಡಿ ಊರಿನಲ್ಲಿ ಕಪ್ಪಿನ ಫೈನಲ್, ಸಿಂದಗಿ ತಂಡದ ಮೇಲೆ. ಬಂದಗಿಸಾಬ ಹೊಸ ಅಂಗಿ ಹಾಕಿಕೊಂಡು ಬೆಳಗ್ಗೆಯೇ ತಂಡದ ಟೆಂಪೋ ಹತ್ತಲು ಹೊರಟಿದ್ದ. ತಡೆದವನು ನಾನೇ.

"ಬಂದಗ್ಯಾ, ನೀ ಹೋದ್ರ ಸೋಲ್ತಾರ. ಹ್ವಾದ ವರ್ಷ ಬಾಗೇವಾಡಿಗೆ ಹೋಗಿದ್ದಿ, ಮೂರು ಗೋಲ್ ತಿಂದು ಬಂದ್ರು. ಸುಮ್ನ ಕಟ್ಟಿ ಮ್ಯಾಲ ಕುಂಡ್ರು."

"ಫೈನಲ್ ಐತೋ ಕಾಳ್ಯಾ. ಒಮ್ಮೆರ ಕಣ್ಣಾರೆ ನೋಡ್ತೇನಿ."

"ಕಪ್ ಬೇಕೋ, ಕಣ್ಣಾರೆ ನೋಡೂದು ಬೇಕೋ?"

ನಕ್ಕು ಕಟ್ಟೆಯ ಮೇಲೆ ಕುಳಿತ. ಟೆಂಪೋ ಹೋಯಿತು.

ನಾಲ್ಕು ಗಂಟೆಗೆ ಆಟ. ಬುಟ್ಟಿಯಲ್ಲಿ ನಲವತ್ತೊಂದು ಫೋನು ಬಿದ್ದವು, ಅಷ್ಟು ಜನ ಹಿಂದೆಂದೂ ಸೇರಿರಲಿಲ್ಲ. ಮಂಜೂರ ಸಲಾಮ್ ಮಾಡಿದ, ಅಪ್ಪ ತಿರುಗಿ ಮಾಡಿದ, ನಾನು ಕಾಡಿಸಿದೆ. ಮೊದಲರ್ಧ ಎರಡೂ ಕಡೆ ಗೋಲಿಲ್ಲ. ಎರಡನೆಯ ಅರ್ಧದಲ್ಲೂ ಇಲ್ಲ. ಸಿಂದಗಿಯವರು ಹೊಡೆದದ್ದನ್ನೆಲ್ಲ ಮಂಜೂರ ಹಿಡಿಯುತ್ತಿದ್ದ. ಜನ ಗ್ಲಾಸು ಮುಟ್ಟುವುದನ್ನೂ ಮರೆತಿದ್ದರು.

ಇನ್ನು ಹತ್ತು ನಿಮಿಷ ಇರಬೇಕು. ಟಿವಿಯಲ್ಲಿ ನಮಗೆ ಕಾರ್ನರ್ ಸಿಕ್ಕಿತ್ತು. ನಮ್ಮ ಹುಡುಗರೆಲ್ಲ ಸಿಂದಗಿಯವರ ಗೋಲಿನ ಮುಂದೆ ಗುಂಪುಗೂಡಿದ್ದರು. ಆಗ ಬುಟ್ಟಿ ನಡುಗಿತು.

ಮೊದಲು ಒಂದು ಫೋನು, ನಂತರ ನಾಲ್ಕು, ನಂತರ ಇಡೀ ಬುಟ್ಟಿ. ತಗಡಿನ ಸಪ್ಪಳಕ್ಕೆ ಬಾರಿಗೆ ಬಾರೇ ಎದ್ದು ನಿಂತಿತು. ಧರ್ಮರಾಜ ಕುರ್ಚಿ ಹತ್ತಿದ. "ಕಾರ್ನರ್ ಗೋಲ್ ಆತಲೇ!" ನಾನು ಕೌಂಟರ್ ಜಿಗಿದು ಹೊರಗೆ ಓಡಿದೆ. ಫೈನಲಿಗೆಂದು ಸಾವಿರ ಪಟಾಕಿಯ ಸರ ತಂದಿಟ್ಟಿದ್ದೆ, ರಸ್ತೆಯ ಉದ್ದಕ್ಕೂ ಹಾಸಿ ಕಡ್ಡಿ ಗೀರಿದೆ. ಬಂದಗಿಸಾಬ ಕಟ್ಟೆಯಿಂದ ಇಳಿದು ಬಂದು ನನ್ನನ್ನು ಅಪ್ಪಿಕೊಂಡ. ಆ ಹೊಗೆಯಲ್ಲಿ ನಾವಿಬ್ಬರೂ ಮುದುಕರು ಕೈ ಕೈ ಹಿಡಿದು ಕುಣಿದೆವು. ಹೌದು, ಕುಣಿದೆವು. ಅದನ್ನು ನೆನೆದರೆ ಈಗಲೂ ನನ್ನ ಕಾಲುಗಳನ್ನು ನಾನೇ ಕಡಿದುಹಾಕಬೇಕು ಎನಿಸುತ್ತದೆ.

ಪಟಾಕಿ ಮುಗಿಯಿತು. ನಗುತ್ತ ಟಿವಿಯತ್ತ ತಿರುಗಿದೆವು. ಹುಡುಗರ ತಳ್ಳಾಟ ಬಿಡಿಸಿ ರೆಫ್ರಿ ಸೀಟಿ ಊದಿದ ಮೇಲೆ ಕಾರ್ನರ್ ಹೊಡೆದರು. ಸಿಂದಗಿಯವನೊಬ್ಬ ತಲೆಯಿಂದ ಚೆಂಡನ್ನು ಹೊರಗೆ ತಳ್ಳಿದ. ಗೋಲಿಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು. "ತಡೀರಿ, ಈಗ ಆಗ್ತೈತಿ," ಎಂದ ಧರ್ಮರಾಜ. ಆದರೆ ಚೆಂಡು ಸಿಂದಗಿಯ ಹುಡುಗನಿಗೆ ಸಿಕ್ಕಿತ್ತು. ಅವನು ಒಬ್ಬನೇ ಓಡಿಬಂದು ಹತ್ತಿರದಿಂದ ಬಲವಾಗಿ ಒದ್ದ. ಮಂಜೂರ ಮುಂದೆ ಬಂದ. ಚೆಂಡು ಸೀದಾ ಅವನ ಎದೆಗೆ ಬಡಿದು ಹೊರಗೆ ಹೋಯಿತು. ಎಂಥಾ ತಡೆ! ಬಾರಿನವರೆಲ್ಲ ಚಪ್ಪಾಳೆ ಹೊಡೆದರು. ಬಂದಗಿಸಾಬ, "ಶಾಬಾಸ್ ಬೇಟಾ!" ಎಂದು ಕೂಗಿದ.

ಮಂಜೂರ ಎರಡು ಹೆಜ್ಜೆ ನಡೆದ. ಕೈಯಿಂದ ಎದೆ ಒತ್ತಿಕೊಂಡ. ನಂತರ ಮುಖ ಅಡಿಯಾಗಿ ಬಿದ್ದ.

ಅವನು ಕೈ ಊರಲಿಲ್ಲ. ಬೀಳುವ ಮನುಷ್ಯ ಕೈ ಊರುತ್ತಾನೆ, ಅದೂ ಗೋಲ್‌ಕೀಪರ್. ಆಟಗಾರರೆಲ್ಲ ಅವನತ್ತ ಓಡಿದರು. ಸಿಂದಗಿಯ ಹುಡುಗ ಎರಡೂ ಕೈಗಳಿಂದ ತಲೆ ಹಿಡಿದುಕೊಂಡಿದ್ದ. ಯಾರೋ ಮಂಜೂರನನ್ನು ಹೊರಳಿಸಿ ಎದೆಯನ್ನು ಒತ್ತತೊಡಗಿದರು. ಯುನೂಸನೂ ಸ್ಟ್ಯಾಂಡ್ ಬಿಟ್ಟು ಓಡಿರಬೇಕು, ಚಿತ್ರ ವಾಲಿ, ಟಿವಿಯ ತುಂಬ ಬರೀ ಹುಲ್ಲು ಮತ್ತು ಓಡುವ ಬೂಟುಗಳು ಕಂಡವು.

ಆಗ ಗೊತ್ತಾಯಿತು. ಬುಟ್ಟಿ ನಡುಗಿದ್ದು ಗೋಲಿಗಲ್ಲ. ನಾನು ಸಾವಿರ ಪಟಾಕಿಯ ಸರ ಹಚ್ಚಿದ್ದು ಗೆಳೆಯನ ಮಗ ಬಿದ್ದದ್ದಕ್ಕೆ.

ಗೋಲಾದಾಗ ಬುಟ್ಟಿ ಹತ್ತು ಸೆಕೆಂಡು ನಡುಗಿ ನಿಲ್ಲುತ್ತಿತ್ತು. ಇವತ್ತು ನಿಂತೇ ಇರಲಿಲ್ಲ, ಪಟಾಕಿಯ ಗದ್ದಲದಲ್ಲಿ ನಮಗೆ ಕೇಳಿರಲಿಲ್ಲ ಅಷ್ಟೇ. ಈಗ ಬಾರಿನಲ್ಲಿ ಅದೊಂದೇ ಸಪ್ಪಳ. ಒಳಗೂ ಕಿಟಕಿಯ ಹೊರಗೂ ಸೇರಿ ನಲವತ್ತು ಜನ ಗಂಡಸರು ನಿಂತಿದ್ದೇವೆ, ನಲವತ್ತೊಂದು ಫೋನು ಕರೆಯುತ್ತಿವೆ, ಒಬ್ಬನೂ ಮುಟ್ಟಲೊಲ್ಲ. ನನ್ನ ನಿಯಮಕ್ಕೆ ಹೆದರಿ ಅಲ್ಲ. ಶಿವಾ ಶಿವಾ, ಆ ಸುದ್ದಿ ಮೊದಲು ಯಾರ ಕಿವಿಗೆ ಬೀಳಬೇಕು?

"ಕಾಳ್ಯಾ, ನನ್ನ ಫೋನ್ ಕೊಡೋ," ಎಂದ ಬಂದಗಿಸಾಬ ಕಿಟಕಿಯಿಂದ. ಸರಳಿನ ಸಂದಿಯಲ್ಲಿ ಕೈ ಚಾಚಿದ್ದ. ಮೆಲ್ಲಗೆ, ದಿನಾ ಕೇಳುವ ಹಾಗೆಯೇ ಕೇಳಿದ.

ಬುಟ್ಟಿಯಲ್ಲಿ ಕೈಯಾಡಿಸಿದೆ. ಅಡಿಯಲ್ಲಿ ರಬ್ಬರ್ ಬ್ಯಾಂಡಿನ ಫೋನು ಸಿಕ್ಕಿತು, ಅದೂ ನಡುಗುತ್ತಿತ್ತು. ಅವನಿಗೆ ಕೊಡುವ ಮೊದಲು ನಾನೇ ಕೇಳಿಕೊಂಡರೆ ಚಲೋ, ಹೇಗೆ ಹೇಳಬೇಕೆಂದು ನೋಡಿ ಹೇಳಿದರಾಯಿತು ಎಂದುಕೊಂಡು, ಅವನಿಗೆ ಬೆನ್ನು ಮಾಡಿ ಬಟನ್ ಒತ್ತಿದೆ.

"ಏನ್ರಿ, ಆವಾಗಿಂದ ಫೋನ್ ಹಚ್ಚಾಕತ್ತೇನಿ!" ಮೈದಾನದವರಲ್ಲ, ಹಿಂದಿನ ಓಣಿಯ ಮನೆಯಿಂದ ಬಂದಗಿಸಾಬನ ಹೆಂಡತಿ ಅಬಿದಾ. ದನಿಯಲ್ಲಿ ನಗು ತುಂಬಿತ್ತು. "ಪಟಾಕಿ ಕೇಳಿಸ್ತು. ಗೋಲ್ ಆತೇನ್ರಿ?"

"ಭಾಬಿ, ನಾನು, ಕಾಳಪ್ಪ."

"ಕಾಳಪ್ಪಣ್ಣಾ, ಗೋಲ್ ಆತಿಲ್ಲೋ?"

"ಹೂಂ," ಎಂದೆ.

"ನನ್ನ ಮಗಾ ಚಲೋ ಆಡಿದ್ನೇನು?"

"ಭಾಳ ಚಲೋ ಆಡಿದ, ಭಾಬಿ."

ಇದು ನನ್ನ ಬಾಯಿಂದ ಹೇಗೆ ಬಂತೋ ದೇವರೇ ಬಲ್ಲ. ಇನ್ನೇನು ಹೇಳಬೇಕಿತ್ತು? ಹೇಳಿ, ಯಾರಾದರೂ ಹೇಳಿ. ಆಕೆ ಏನೋ ಹೇಳುತ್ತಿದ್ದಳು, ಶಿರಾ ಮಾಡಿದ್ದೇನೆ ಎಂದಷ್ಟೇ ಕೇಳಿಸಿತು. ನಾನು ಫೋನ್ ಇಟ್ಟೆ.

ಇಟ್ಟ ಕೂಡಲೇ ಅದು ಮತ್ತೆ ನಡುಗಿತು. ಬಂದಗಿಸಾಬ ಇನ್ನೂ ಕೈ ಚಾಚಿಯೇ ನಿಂತಿದ್ದ. ಈ ಸಲ ಎತ್ತುವ ಧೈರ್ಯ ನನಗಾಗಲಿಲ್ಲ. ಫೋನನ್ನು ಅವನ ಅಂಗೈಯಲ್ಲಿಟ್ಟೆ. ಅವನು ಕಿವಿಗೆ ಹಿಡಿದ.

"ಹಾಂ ಯುನೂಸ, ಹೇಳು." ಸ್ವಲ್ಪ ಹೊತ್ತು ಕೇಳಿದ. "ಡಾಕ್ಟರ್ ಅಲ್ಲೇ ಅದಾರೇನು?" ಮತ್ತೆ ಕೇಳಿದ. "ಇನ್ನೊಮ್ಮೆ ನೋಡ್ರಿ ಅನ್ನು. ಗಟ್ಟಿ ಹುಡುಗ ಅದಾನ. ಇನ್ನೊಮ್ಮೆ ನೋಡ್ರಿ ಅನ್ನು ಯುನೂಸ." ಆಮೇಲೆ ಬಹಳ ಹೊತ್ತು ಬರೀ ಕೇಳಿದ. ಫೋನು ಕಿವಿಯಿಂದ ಇಳಿಯಿತು.

ಹತ್ತೊಂಬತ್ತು ವರ್ಷ ತುಳಿಯದ ಹೊಸ್ತಿಲನ್ನು ಅವನು ದಾಟಿ ಒಳಗೆ ಬಂದ. ಎಲ್ಲಿಗೆ ಬರುತ್ತಿದ್ದೇನೆ ಎಂಬ ಎಚ್ಚರವೇ ಇರಲಿಲ್ಲ. ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತ. ಧರ್ಮರಾಜ ಲಗುಬಗೆಯಿಂದ ಆ ಮೇಜಿನ ಮೇಲಿದ್ದ ಬಾಟಲಿ, ಗ್ಲಾಸು ತೆಗೆದು ಕೆಳಗಿಟ್ಟ.

"ಉಸಿರು ಬರಲಿಲ್ಲಂತೋ ಕಾಳ್ಯಾ," ಎಂದ ಬಂದಗಿಸಾಬ. "ಡಾಕ್ಟರ್ ಕೈ ಬಿಟ್ರಂತ. ಚೆಂಡು ಬಡದ್ರ ಸಾಯ್ತಾರೇನೋ? ಬರೇ ಚೆಂಡು ಅದು!"

ನಾನು ಅವನ ಹೆಗಲ ಮೇಲೆ ಕೈಯಿಟ್ಟೆ. ನನ್ನ ಕೈಗೆ ಇನ್ನೂ ಪಟಾಕಿಯ ಮದ್ದಿನ ವಾಸನೆ ಇತ್ತು, ನಾಚಿ ತೆಗೆದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ಬೆಳಗ್ಗೆ ಇವನನ್ನು ಟೆಂಪೋ ಹತ್ತಲು ಬಿಟ್ಟಿದ್ದರೆ ಮಗನ ತಲೆ ತೊಡೆಯ ಮೇಲಾದರೂ ಇರುತ್ತಿತ್ತು. ಬುಟ್ಟಿ ಇನ್ನೂ ನಡುಗುತ್ತಲೇ ಇತ್ತು. ಸಿಟ್ಟು ನೆತ್ತಿಗೇರಿ ಎತ್ತಿ ನೆಲಕ್ಕೆ ಕುಕ್ಕಿದೆ. ಫೋನುಗಳು ಚೆಲ್ಲಾಪಿಲ್ಲಿಯಾಗಿ ಬಿದ್ದು ಅಲ್ಲೇ ಗುರುಗುಟ್ಟಿದವು.

ತಲೆಯೆತ್ತಿ ನೋಡಿದರೆ ರಸ್ತೆಯಲ್ಲಿ ಅಬಿದಾ ಬರುತ್ತಿದ್ದಾಳೆ.

ಆ ಹೆಣ್ಣುಮಗಳು ಎಂದೂ ಬಾರಿನ ಎದುರಿಗೆ ಬಂದವಳಲ್ಲ. ತಲೆಯ ಮೇಲೆ ಸೆರಗು, ಕೈಯಲ್ಲಿ ಸ್ಟೀಲಿನ ಡಬ್ಬಿ, ಮುಖದ ತುಂಬ ನಗು. ಪಟಾಕಿಯ ಕೆಂಪು ಕಾಗದದ ಚೂರುಗಳನ್ನು ತುಳಿಯುತ್ತ ಕಟ್ಟೆಯ ತನಕ ಬಂದಳು. ಕಟ್ಟೆ ಖಾಲಿ ಇತ್ತು, ಅಲ್ಲಿದ್ದವರು ಆಗಲೇ ಕಿಟಕಿಗೆ ಮುತ್ತಿದ್ದರು. ಅತ್ತಿತ್ತ ನೋಡಿದಳು. ಬಾಗಿಲಲ್ಲಿ, ಬಾರಿನ ಒಳಗೆ, ಕುರ್ಚಿಯ ಮೇಲೆ ಕುಳಿತಿದ್ದ ಗಂಡ ಕಂಡ.

"ಅಯ್ಯ, ಒಂದು ಗೋಲಿಗೆ ಬಾರಿನ್ಯಾಗ ಹೋಗಿ ಕುಂತ್ರೇನು?" ಎಂದು ನಕ್ಕಳು. "ಮಂಜೂರ ಬರ್ಲಿ, ಹೇಳ್ತೇನಿ ತಡೀರಿ!"

ಬಂದಗಿಸಾಬ ಎದ್ದು ನಿಲ್ಲಲು ನೋಡಿದ, ಆಗಲಿಲ್ಲ. ಅಬಿದಾ ಅವನನ್ನು ನೋಡಿದಳು. ನಂತರ ಒಳಗೆ ನಿಂತವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಧರ್ಮರಾಜ ಗೋಡೆಯತ್ತ ತಿರುಗಿದ. ನೆಲದ ಮೇಲೆ ಫೋನುಗಳು ನಡುಗುತ್ತಿದ್ದವು. ಆಕೆಯ ನಗು ಮುಖದಿಂದ ಇನ್ನೂ ಪೂರ್ತಿ ಹೋಗಿರಲಿಲ್ಲ.

ಕೊನೆಗೆ ನನ್ನತ್ತ ತಿರುಗಿದಳು. "ಕಾಳಪ್ಪಣ್ಣಾ, ಪಟಾಕಿ ಹಾರಿಸಿದಾವ್ರು ನೀವಲ್ಲೇನ್ರಿ?"

"ಹೌದ್ರಿ ಭಾಬಿ," ಎಂದೆ. "ನಾನೇ ಹಾರಿಸಿದೆ."